ಏರಿಕೆಗೆ ಮೂವತ್ತೆರಡು ಕೂಡಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬೇಸಿಗೆಯ ಬಗ್ಗೆ ಅರ್ಧ ಪುಟದ ವರದಿ ಬಂದಿತ್ತು. ಬಿಸಿಗಾಳಿ ಎಂದು ಘೋಷಿಸುವುದಕ್ಕೆ ಹವಾಮಾನ ಇಲಾಖೆ ಅನುಸರಿಸುವ ಮಾನದಂಡಗಳನ್ನು ವರದಿಗಾರರು ಶ್ರದ್ಧೆಯಿಂದ ವಿವರಿಸಿದ್ದರು. ಗರಿಷ್ಠ ಉಷ್ಣಾಂಶ ಬಯಲು ಪ್ರದೇಶದಲ್ಲಿ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್, ಗುಡ್ಡಗಾಡಿನಲ್ಲಿ ಕನಿಷ್ಠ 30 ಡಿಗ್ರಿ ಮುಟ್ಟಬೇಕು. ಅದು ಆ ಊರಿನ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು, 6.4 ಡಿಗ್ರಿಗಿಂತ ಹೆಚ್ಚಾದರೆ ತೀವ್ರ ಬಿಸಿಗಾಳಿ. ಇಷ್ಟೂ ಸರಿ. ಓದುಗರಿಗೆ ಅನುಕೂಲವಾಗಲೆಂದು ಪ್ರತಿ ಸಂಖ್ಯೆಯ ಪಕ್ಕ ಆವರಣದೊಳಗೆ ಫ್ಯಾರನ್‌ಹೀಟ್ ಲೆಕ್ಕವನ್ನೂ ಕೊಟ್ಟಿದ್ದರು. 40ರ ಪಕ್ಕ 104, 30ರ ಪಕ್ಕ 86. ಇವೂ ಸರಿ. ಆದರೆ 4.5ರ ಪಕ್ಕ 40.1 ಎಂದು ಅಚ್ಚಾಗಿತ್ತು, 6.4ರ ಪಕ್ಕ 43.5 ಎಂದು. ಇವೆರಡೂ ತಪ್ಪು. ಅಚ್ಚಿನ ದೋಷವಲ್ಲ, ಲೆಕ್ಕದ ದೋಷ. ಸರಿಯಾದ ಸಂಖ್ಯೆಗಳು 8.1 ಮತ್ತು 11.5.

ಇಷ್ಟಕ್ಕೇ ಪತ್ರ ಬರೆಯಬೇಕೇ ಎಂದು ನೀವು ಕೇಳಬಹುದು. ಬರೆಯಲೇಬೇಕು ಎಂದು ನನಗೆ ಅನಿಸಿದೆ. ನಾನು ಮೂಡಿಗೆರೆ, ಕೊಪ್ಪ ತಾಲ್ಲೂಕುಗಳ ಆರೋಗ್ಯ ಕೇಂದ್ರಗಳಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಥರ್ಮಾಮೀಟರಿನ ಸಂಖ್ಯೆಯನ್ನು ನಂಬಿ ಮಾತ್ರೆ ಕೊಟ್ಟಿದ್ದೇನೆ, ಮಕ್ಕಳನ್ನು ಜೀಪಿನಲ್ಲಿ ಜಿಲ್ಲಾಸ್ಪತ್ರೆಗೆ ಕಳಿಸಿದ್ದೇನೆ. ಈ ಎರಡು ಅಳತೆಗಳ ಗೊಂದಲದಿಂದ ಏನೇನಾಗುತ್ತದೆ ಎಂಬುದು ನನಗೆ ಪುಸ್ತಕದಿಂದ ತಿಳಿದ ಸಂಗತಿಯಲ್ಲ.

ಮೊದಲು ವರದಿಯ ತಪ್ಪನ್ನೇ ಲೆಕ್ಕ ಮಾಡಿ ನೋಡೋಣ. ಗುಡ್ಡಗಾಡಿನ ಒಂದು ಊರಿನಲ್ಲಿ ಏಪ್ರಿಲ್‌ನ ವಾಡಿಕೆಯ ಗರಿಷ್ಠ ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಿ. ಅದು 89.6 ಡಿಗ್ರಿ ಫ್ಯಾರನ್‌ಹೀಟ್. ನಿಮ್ಮ ವರದಿಯ ಪ್ರಕಾರ ಅದಕ್ಕೆ 40.1 ಸೇರಿದರೆ ಬಿಸಿಗಾಳಿ, ಅಂದರೆ 129.7 ಡಿಗ್ರಿ. ಅದನ್ನು ಮತ್ತೆ ಸೆಲ್ಸಿಯಸ್‌ಗೆ ತಿರುಗಿಸಿದರೆ 54 ಡಿಗ್ರಿ ದಾಟುತ್ತದೆ. 2016ರ ಮೇ ತಿಂಗಳಲ್ಲಿ ರಾಜಸ್ಥಾನದ ಫಲೋದಿಯಲ್ಲಿ 51 ಡಿಗ್ರಿ ದಾಖಲಾದಾಗ ದೇಶವೇ ಬೆಚ್ಚಿತ್ತು. ನಮ್ಮ ಮಲೆನಾಡಿನ ಅಂಚಿನ ಊರುಗಳು ಫಲೋದಿಯನ್ನು ಮೀರಿಸಿದರೆ ಮಾತ್ರ ಬಿಸಿಗಾಳಿ ಎಂದು ನಿಮ್ಮ ಆವರಣದೊಳಗಿನ ಸಂಖ್ಯೆ ಹೇಳುತ್ತಿದೆ. ನಿಜವಾದ ಲೆಕ್ಕದಲ್ಲಿ 89.6ಕ್ಕೆ 8.1 ಸೇರಬೇಕು. 97.7 ಬರುತ್ತದೆ. ಅದು 36.5 ಡಿಗ್ರಿ ಸೆಲ್ಸಿಯಸ್, ಅಂದರೆ 32ಕ್ಕೆ 4.5 ಕೂಡಿಸಿದಾಗ ಬರುವಷ್ಟೇ. ಎರಡು ದಾರಿಯೂ ಒಂದೇ ಜಾಗಕ್ಕೆ ಬಂದು ನಿಲ್ಲಬೇಕು. ಇಲ್ಲವಾದರೆ ಯಾವುದೋ ಒಂದು ದಾರಿ ತಪ್ಪಿದೆ.

ತಪ್ಪು ಹೇಗಾಯಿತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಮೊಬೈಲಿನಲ್ಲಿ 4.5 ಡಿಗ್ರಿ ಸೆಲ್ಸಿಯಸ್ ಎಂದು ಒತ್ತಿದರೆ ಅದು 40.1 ಎಂದೇ ಉತ್ತರಿಸುತ್ತದೆ. ಮೊಬೈಲ್ ತಪ್ಪು ಹೇಳಿಲ್ಲ. ಫ್ರಿಜ್‌ನೊಳಗಿನ ಉಷ್ಣಾಂಶ 4.5 ಆಗಿದ್ದರೆ ಫ್ಯಾರನ್‌ಹೀಟ್‌ನಲ್ಲಿ ಅದು 40.1 ಹೌದು. ಆದರೆ ನೀವು ಕೇಳುತ್ತಿರುವುದು ಇರುವ ಉಷ್ಣಾಂಶವನ್ನೋ, ಏರಿದ ಉಷ್ಣಾಂಶವನ್ನೋ ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ತಿಳಿದುಕೊಳ್ಳಬೇಕಾದವರು ಬರೆಯುವ ಮನುಷ್ಯರು.

ನಮ್ಮ ಜಿಲ್ಲೆಯವರಿಗೆ ಇದನ್ನು ಮಳೆಯ ಲೆಕ್ಕದಿಂದ ಸುಲಭವಾಗಿ ತಿಳಿಸಬಹುದು. ಇಲ್ಲಿನ ಕಾಫಿ ಬೆಳೆಗಾರರು ಇಂದಿಗೂ ಮಳೆಯನ್ನು ಇಂಚು, ಸೆಂಟುಗಳಲ್ಲೇ (ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು) ಹೇಳುತ್ತಾರೆ. ಹೂಮಳೆ ಒಂದು ಇಂಚು ಬಂತು, ನಮ್ಮ ಕಡೆ ಎಪ್ಪತ್ತು ಸೆಂಟಷ್ಟೇ ಬಂತು ಎಂದು ಫೋನಿನಲ್ಲಿ ಮಾತಾಡಿಕೊಳ್ಳುತ್ತಾರೆ. ಇಲಾಖೆ ಮಿಲಿಮೀಟರಿನಲ್ಲಿ ಹೇಳುತ್ತದೆ. ಆದರೂ ಯಾರಿಗೂ ಗೊಂದಲವಿಲ್ಲ. ಒಂದು ಇಂಚು ಎಂದರೆ 25.4 ಮಿಲಿಮೀಟರ್, ಗುಣಿಸಿದರೆ ಮುಗಿಯಿತು. ಏಕೆಂದರೆ ಮಳೆಯೇ ಬಾರದ ದಿನ ಇಂಚಿನಲ್ಲೂ ಸೊನ್ನೆ, ಮಿಲಿಮೀಟರಿನಲ್ಲೂ ಸೊನ್ನೆ. ಉಷ್ಣಾಂಶದ ಎರಡು ಅಳತೆಗಳಿಗೆ ಹಾಗೆ ಸಮಾನವಾದ ಸೊನ್ನೆ ಇಲ್ಲ. ಸೆಲ್ಸಿಯಸ್‌ನ ಸೊನ್ನೆ ಇರುವುದು ನೀರು ಹೆಪ್ಪುಗಟ್ಟುವಲ್ಲಿ. ಅದೇ ಜಾಗದಲ್ಲಿ ಫ್ಯಾರನ್‌ಹೀಟ್ 32 ತೋರಿಸುತ್ತದೆ. ಹಾಗಾಗಿ ಸೆಲ್ಸಿಯಸನ್ನು 1.8ರಿಂದ ಗುಣಿಸಿದ ಮೇಲೆ 32 ಕೂಡಿಸಬೇಕಾಗುತ್ತದೆ. ಆದರೆ ಏರಿಕೆ, ಇಳಿಕೆ, ವ್ಯತ್ಯಾಸಗಳ ಮಾತು ಬಂದಾಗ ಉಷ್ಣಾಂಶವೂ ಮಳೆಯಂತೆಯೇ ನಡೆದುಕೊಳ್ಳುತ್ತದೆ. ಏನೂ ಏರಿಲ್ಲ ಎಂದರೆ ಸೆಲ್ಸಿಯಸ್‌ನಲ್ಲೂ ಸೊನ್ನೆ ಏರಿಕೆ, ಫ್ಯಾರನ್‌ಹೀಟ್‌ನಲ್ಲೂ ಸೊನ್ನೆ ಏರಿಕೆ. ಅಲ್ಲಿ 1.8ರಿಂದ ಗುಣಿಸಿ ಸುಮ್ಮನಿರಬೇಕು. ಏರಿಕೆಗೂ 32 ಕೂಡಿಸುವುದಾದರೆ ಸೊನ್ನೆ ಏರಿಕೆಯೂ 32 ಡಿಗ್ರಿಯ ಏರಿಕೆಯಾಗಬೇಕಾಗುತ್ತದೆ. ಈ ಒಂದು ಪರೀಕ್ಷೆ ಸಾಕು, ತಪ್ಪು ತಾನಾಗಿ ಬಯಲಾಗುತ್ತದೆ.

ಈ 32 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದು ನಮ್ಮ ಮನೆಯ ಮಕ್ಕಳು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ ಥರ್ಮಾಮೀಟರ್ ತಯಾರಿಸುತ್ತಿದ್ದ ಕುಶಲಿ. 1724ರಲ್ಲಿ ತನ್ನ ಅಳತೆಯನ್ನು ವಿವರಿಸುವಾಗ ಮಂಜುಗಡ್ಡೆ, ನೀರು ಮತ್ತು ನವಸಾಗರ ಎಂಬ ಲವಣ ಬೆರೆಸಿದಾಗ ಸಿಗುವ ಕೊರೆಯುವ ತಂಪನ್ನು ಸೊನ್ನೆ ಎಂದು ಹಿಡಿದ. ಬರಿಯ ಮಂಜುಗಡ್ಡೆ ಮತ್ತು ನೀರು ಸೇರಿದ್ದಲ್ಲಿ 32, ಆರೋಗ್ಯವಂತ ಮನುಷ್ಯನ ಮೈಯ ಬಿಸಿ 96. ಸ್ವೀಡನ್ನಿನ ಖಗೋಳ ವಿಜ್ಞಾನಿ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ನೂರು ಭಾಗಗಳ ಅಳತೆಯನ್ನು ಮುಂದಿಟ್ಟಾಗ ಅದು ಈಗಿನದಕ್ಕೆ ತಲೆಕೆಳಗಾಗಿತ್ತು: ನೀರು ಕುದಿಯುವುದು ಸೊನ್ನೆ, ಹೆಪ್ಪುಗಟ್ಟುವುದು ನೂರು. 1744ರಲ್ಲಿ ಅವನು ತೀರಿಕೊಂಡ ನಂತರ ಅದನ್ನು ಬೇರೆಯವರು ತಿರುಗಿಸಿ ನಿಲ್ಲಿಸಿದರು. ನಮ್ಮ ಕಾಲದ ಶಾಲಾ ಪುಸ್ತಕಗಳಲ್ಲಿ ಇದು ಸೆಂಟಿಗ್ರೇಡ್ ಆಗಿತ್ತು. ಅಂತರರಾಷ್ಟ್ರೀಯವಾಗಿ ಸೆಲ್ಸಿಯಸ್ ಎಂಬ ಹೆಸರು ಒಪ್ಪಿತವಾದದ್ದು 1948ರಲ್ಲಿ. ಅಂದಹಾಗೆ, ಚಿಕ್ಕಮಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ ನಮ್ಮ ಊರಿನಲ್ಲಿ ಅದು 96, 97ರ ಸುಮಾರಿಗೇ ಕುದಿಯುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಥರ್ಮಾಮೀಟರ್ ಸರಿಯಿದೆಯೇ ಎಂದು ಪರೀಕ್ಷಿಸುವವರು ಕುದಿಯುವ ನೀರನ್ನು ನಂಬದೆ ಮಂಜುಗಡ್ಡೆ ಕರಗುತ್ತಿರುವ ನೀರಿನಲ್ಲಿ ಪರೀಕ್ಷಿಸಲಿ.

ಈಗ ಜ್ವರದ ಮಾತಿಗೆ ಬರುತ್ತೇನೆ. ನಾನು ಈ ಪತ್ರ ಬರೆಯಲು ಕುಳಿತದ್ದೇ ಅದಕ್ಕಾಗಿ.

ನಮ್ಮ ದೇಶದಲ್ಲಿ ಒಂದು ವಿಚಿತ್ರ ಸ್ಥಿತಿ ಇದೆ. ಹವಾಮಾನವನ್ನು ಸೆಲ್ಸಿಯಸ್‌ನಲ್ಲಿ ಕೇಳುತ್ತೇವೆ, ಜ್ವರವನ್ನು ಫ್ಯಾರನ್‌ಹೀಟ್‌ನಲ್ಲಿ ಹೇಳುತ್ತೇವೆ. ಹೊರಗೆ ಮೂವತ್ತೆಂಟು, ಮಗುವಿಗೆ ನೂರಾ ಎರಡು. ಯಾವ ಅಳತೆ ಎಂದು ಯಾರೂ ಹೇಳುವುದಿಲ್ಲ, ಎಲ್ಲರಿಗೂ ತಿಳಿಯುತ್ತದೆ ಎಂದು ನಂಬಿಕೊಂಡಿದ್ದೇವೆ. ಹಳೆಯ ಪಾದರಸದ ಥರ್ಮಾಮೀಟರ್ ಇದ್ದ ಕಾಲದಲ್ಲಿ ಈ ನಂಬಿಕೆ ಹೇಗೋ ನಡೆಯುತ್ತಿತ್ತು, ಏಕೆಂದರೆ ಗೀಟುಗಳು ಗಾಜಿನ ಮೇಲೆ ಅಚ್ಚೊತ್ತಿರುತ್ತಿದ್ದವು, ಬದಲಾಗುತ್ತಿರಲಿಲ್ಲ. ಈಗಿನ ಹಲವು ಡಿಜಿಟಲ್ ಥರ್ಮಾಮೀಟರುಗಳಲ್ಲಿ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅಳತೆಯೇ ಬದಲಾಗುತ್ತದೆ. ಮೂಲೆಯಲ್ಲಿ ಸಾಸಿವೆ ಗಾತ್ರದ ಒಂದು ಅಕ್ಷರ ಮಾತ್ರ ಅದನ್ನು ತಿಳಿಸುತ್ತದೆ.

ಮೂಡಿಗೆರೆ ತಾಲ್ಲೂಕಿನ ಒಂದು ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಪುಟ್ಟ ಮಗುವಿಗೆ ಜ್ವರ. ಪೇಟೆಯ ಒಂದು ಕ್ಲಿನಿಕ್‌ನಲ್ಲಿ ತೋರಿಸಿದ್ದರು. ನೂರು ದಾಟಿದರೆ ತಕ್ಷಣ ಕರೆದುಕೊಂಡು ಬನ್ನಿ ಎಂದು ಅಲ್ಲಿ ಹೇಳಿ ಕಳಿಸಿದ್ದರು. ತಾಯಿ ಅಲ್ಲೇ ಔಷಧಿ ಅಂಗಡಿಯಲ್ಲಿ ಡಿಜಿಟಲ್ ಥರ್ಮಾಮೀಟರ್ ಕೊಂಡುಕೊಂಡಿದ್ದಳು. ಅದು ಮೊದಲಿನಿಂದಲೇ ಸೆಲ್ಸಿಯಸ್‌ಗೆ ಇಟ್ಟದ್ದೋ, ಮನೆಯ ದೊಡ್ಡ ಮಗು ಗುಂಡಿ ಒತ್ತಿ ಬದಲಾಯಿಸಿದ್ದೋ ತಿಳಿಯಲಿಲ್ಲ. ರಾತ್ರಿಯಿಡೀ ಅವಳು ಎದ್ದು ಕುಳಿತು ಅಳತೆ ನೋಡಿ, ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದಳು: 38.8, 39.1, 39.4. ನೂರಕ್ಕೆ ಇನ್ನೂ ಬಹಳ ದೂರವಿದೆ ಎಂದು ಸಮಾಧಾನ ಮಾಡಿಕೊಂಡಿದ್ದಳು. ಬೆಳಿಗ್ಗೆ ನಾನು ಮನೆ ಭೇಟಿಗೆ ಹೋದಾಗ ಮಗುವಿನ ಮೈ ಕೆಂಡವಾಗಿತ್ತು. 39.4 ಎಂದರೆ ಫ್ಯಾರನ್‌ಹೀಟ್‌ನಲ್ಲಿ 102.9. ಅವಳಿಗೆ ಹೇಳಿದ್ದ ನೂರನ್ನು ಆ ಮಗು ಹಿಂದಿನ ಸಂಜೆಯೇ ದಾಟಿತ್ತು. ಜಿಲ್ಲಾಸ್ಪತ್ರೆಗೆ ಕಳಿಸಿದೆವು, ಮಗು ಗುಣವಾಯಿತು. ಆ ತಾಯಿಯನ್ನು ತಿಳಿವಳಿಕೆ ಇಲ್ಲದವಳು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅಳತೆಯನ್ನು ಸಮಯಸಮಯಕ್ಕೆ ತಪ್ಪದೆ ಬರೆದಿಟ್ಟ ತಾಯಂದಿರನ್ನು ನಾನು ಕಂಡದ್ದು ಕಡಿಮೆ. ಅವಳಿಗೆ ಹೇಳಿದವರು ಬರಿಯ ಸಂಖ್ಯೆ ಹೇಳಿದರು, ಅಳತೆ ಹೇಳಲಿಲ್ಲ. ದೋಷ ಇರುವುದು ಅಲ್ಲಿ.

ಇದರ ತಿರುವುಮುರುವು ಕೂಡ ನಡೆಯುತ್ತದೆ. ಈಗಿನ ವೈದ್ಯರ ಚೀಟಿಗಳಲ್ಲಿ 38.5 ದಾಟಿದರೆ ಔಷಧಿ ಕೊಡಿ ಎಂದು ಬರೆದಿರುವುದುಂಟು. ಮನೆಯ ಥರ್ಮಾಮೀಟರ್ ಫ್ಯಾರನ್‌ಹೀಟ್‌ನದ್ದಾದರೆ ಅದು ಆರೋಗ್ಯವಂತ ಮಗುವಿಗೂ 98 ತೋರಿಸುತ್ತದೆ. 38.5 ಎಲ್ಲಿ, 98 ಎಲ್ಲಿ ಎಂದು ಗಾಬರಿಯಾಗಿ ಜ್ವರವೇ ಇಲ್ಲದ ಮಗುವಿಗೆ ಪ್ಯಾರಾಸಿಟಮಾಲ್ ಕುಡಿಸಿದ ಮನೆಗಳಿವೆ. 38.5 ಎಂದರೆ 101.3 ಎಂದು ಅದೇ ಚೀಟಿಯಲ್ಲಿ ಬರೆದಿದ್ದರೆ ಒಂದು ಸಾಲೂ ಹೆಚ್ಚಾಗುತ್ತಿರಲಿಲ್ಲ.

ಜ್ವರದ ಗಡಿ 100.4 ಎಂದು ಆರೋಗ್ಯ ಅಂಕಣಗಳಲ್ಲಿ ಬರುತ್ತದಲ್ಲ, ಆ ದಶಾಂಶದ ನಾಲ್ಕನ್ನು ನೋಡಿ ಅದೇನೋ ಅತಿ ಸೂಕ್ಷ್ಮ ಗಡಿ ಎಂದು ಬಹಳ ಜನ ತಿಳಿದಿದ್ದಾರೆ. 100.3 ಇದೆ, ಹಾಗಾದರೆ ಜ್ವರವಲ್ಲವೇ ಸಿಸ್ಟರ್ ಎಂದು ಕೇಳಿದವರಿದ್ದಾರೆ. ಅದು 38 ಡಿಗ್ರಿ ಸೆಲ್ಸಿಯಸ್ ಎಂಬ ದುಂಡು ಸಂಖ್ಯೆಯ ಅನುವಾದ, ಬೇರೇನಲ್ಲ. 98.6 ಕೂಡ ಹಾಗೆಯೇ. ಲೈಪ್‌ಜಿಗ್‌ನ ವೈದ್ಯ ಕಾರ್ಲ್ ವುಂಡರ್‌ಲಿಷ್ ಸಾವಿರಾರು ಜನರ ಕಂಕುಳಿನ ಅಳತೆಗಳನ್ನು ಸಂಗ್ರಹಿಸಿ 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆರೋಗ್ಯವಂತರ ಸರಾಸರಿಯನ್ನು 37 ಡಿಗ್ರಿ ಸೆಲ್ಸಿಯಸ್ ಎಂದ. ಅದನ್ನು 1.8ರಿಂದ ಗುಣಿಸಿ 32 ಕೂಡಿಸಿದಾಗ 98.6 ಬಂತು. ದುಂಡಾಗಿದ್ದ ಸರಾಸರಿಗೆ ಪರಿವರ್ತನೆಯಲ್ಲಿ ದಶಾಂಶದ ಬಾಲ ಬಂತು, ಜನ ಅದನ್ನೇ ದೇಹದ ನಿಯಮ ಎಂದುಕೊಂಡರು. ಆರೋಗ್ಯವಂತರ ಮೈಯ ಬಿಸಿ ಬೆಳಗಿಗೂ ಸಂಜೆಗೂ ಬದಲಾಗುತ್ತದೆ, ಕಂಕುಳಿಗೂ ಬಾಯಿಗೂ ಬದಲಾಗುತ್ತದೆ. ಬೆಳಿಗ್ಗೆ 97.5 ಬಂದರೆ ಏನೋ ಕೊರತೆ ಎಂದು ಹೆದರಬೇಕಾಗಿಲ್ಲ.

ಇಲ್ಲಿಯೂ ಏರಿಕೆಯ ಲೆಕ್ಕದಲ್ಲಿ ಎಚ್ಚರ ಬೇಕು. ಔಷಧಿ ಕೊಟ್ಟ ಮೇಲೆ ಜ್ವರ ಒಂದು ಡಿಗ್ರಿ ಇಳಿಯಿತು ಎಂದರೆ ಸೆಲ್ಸಿಯಸ್‌ನಲ್ಲಿ ಅದು ದೊಡ್ಡ ಇಳಿಕೆ, ಫ್ಯಾರನ್‌ಹೀಟ್‌ನಲ್ಲಿ ಸುಮಾರು ಅದರ ಅರ್ಧ. ಮಂಗನ ಕಾಯಿಲೆಯ ಭಯವಿರುವ ಕೊಪ್ಪ, ನರಸಿಂಹರಾಜಪುರದ ಕಡೆ ಜ್ವರದ ಏರಿಳಿತವನ್ನು ದೂರವಾಣಿಯಲ್ಲಿ ತಿಳಿಸುವ ಆಶಾ ಕಾರ್ಯಕರ್ತೆಯರು ಯಾವ ಅಳತೆ ಎಂದು ಸೇರಿಸಿ ಹೇಳಿದರೆ ಕೇಳುವವರಿಗೆ ನಿರ್ಧಾರ ಸುಲಭವಾಗುತ್ತದೆ.

ಲಸಿಕೆಯ ವಿಚಾರವನ್ನು ಒಂದು ಮಾತಿನಲ್ಲಿ ಮುಗಿಸುತ್ತೇನೆ. ಆರೋಗ್ಯ ಕೇಂದ್ರದ ಲಸಿಕೆ ಪೆಟ್ಟಿಗೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು, ಬೆಳಿಗ್ಗೆ ಸಂಜೆ ನೋಡಿ ಪುಸ್ತಕದಲ್ಲಿ ಬರೆಯಬೇಕು. ಫ್ಯಾರನ್‌ಹೀಟ್‌ನಲ್ಲಿ ಇದು 35.6ರಿಂದ 46.4. ಯಾರಾದರೂ 2ರಿಂದ 8 ಎಂಬುದನ್ನು ಫ್ಯಾರನ್‌ಹೀಟ್ ಎಂದುಕೊಂಡು ಯಂತ್ರವನ್ನು ಹೊಂದಿಸಿದರೆ ಅದು ಸೊನ್ನೆಗಿಂತ ಕೆಳಗೆ ಹದಿಮೂರರಿಂದ ಹದಿನೇಳು ಡಿಗ್ರಿ ಸೆಲ್ಸಿಯಸ್ ಆಗುತ್ತದೆ. ಹೆಪಟೈಟಿಸ್ ಬಿ, ಪೆಂಟಾವೇಲೆಂಟ್‌ನಂಥ ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಮತ್ತೆ ಕರಗಿಸಿದರೂ ಶಕ್ತಿ ಉಳಿಯುವುದಿಲ್ಲ. ಸರ್ಕಾರಿ ವ್ಯವಸ್ಥೆಯಲ್ಲಿ ಎಲ್ಲವೂ ಸೆಲ್ಸಿಯಸ್‌ನಲ್ಲೇ ಇರುವುದರಿಂದ ಈ ಅಪಾಯ ದೂರವಾಗಿದೆ. ಒಂದೇ ಅಳತೆಗೆ ಅಂಟಿಕೊಂಡರೆ ಎಷ್ಟು ನೆಮ್ಮದಿ ಎಂಬುದನ್ನು ನಾನು ಕಂಡದ್ದು ಅಲ್ಲಿಯೇ.

ನಿಮ್ಮ ಪ್ರವಾಸ ಪುರವಣಿಯವರಿಗೂ ಒಂದು ಮಾತು. ಒಂದು ಕಿಲೋಮೀಟರ್ ಮೇಲೆ ಹೋದಂತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1930 ಮೀಟರ್, ಚಿಕ್ಕಮಗಳೂರು ಪೇಟೆಯದು ಸುಮಾರು 1090. ಹಾಗಾಗಿ ಪೇಟೆಗಿಂತ ಶಿಖರ ಸುಮಾರು ಐದೂವರೆ ಡಿಗ್ರಿ ತಂಪು. ಫ್ಯಾರನ್‌ಹೀಟ್‌ನಲ್ಲಿ ಇದು ಹತ್ತು ಡಿಗ್ರಿಯ ವ್ಯತ್ಯಾಸ, ನಲವತ್ತೆರಡು ಡಿಗ್ರಿಯದ್ದಲ್ಲ. ನಲವತ್ತೆರಡು ಎಂದು ಅಚ್ಚಾದರೆ ಅಮೆರಿಕದಿಂದ ಮೊಮ್ಮಕ್ಕಳನ್ನು ಕರೆದುಕೊಂಡು ಬರುವವರು ಹಿಮದ ಕೋಟು ಹೊತ್ತು ತರಬೇಕಾಗುತ್ತದೆ.

ಕಾಫಿಯವರಿಗಂತೂ ಈ ಲೆಕ್ಕ ಹೊಟ್ಟೆಪಾಡಿನ ಲೆಕ್ಕ. ಅರೇಬಿಕಾಗೆ 15ರಿಂದ 25 ಡಿಗ್ರಿ ಸೆಲ್ಸಿಯಸ್ ಹಿತ, ರೊಬಸ್ಟಾಗೆ 20ರಿಂದ 30. ಭೂಮಿಯ ಸರಾಸರಿ ಉಷ್ಣಾಂಶದ ಏರಿಕೆಯನ್ನು ಒಂದೂವರೆ ಡಿಗ್ರಿಗೆ ತಡೆಯಲು ಪ್ರಯತ್ನಿಸಬೇಕೆಂದು 2015ರ ಪ್ಯಾರಿಸ್ ಒಪ್ಪಂದ ಹೇಳುತ್ತದೆ. ಈ ಒಂದೂವರೆ ಎಂದರೆ ಫ್ಯಾರನ್‌ಹೀಟ್‌ನಲ್ಲಿ 2.7. ಇದನ್ನು 34.7 ಎಂದು ಬರೆದುಬಿಟ್ಟರೆ ಓದುಗ ಎರಡರಲ್ಲಿ ಒಂದು ಮಾಡುತ್ತಾನೆ: ನಂಬಿ ಕಂಗಾಲಾಗುತ್ತಾನೆ, ಇಲ್ಲವೇ ಇಡೀ ವಿಷಯವೇ ಸುಳ್ಳು ಎಂದು ಪತ್ರಿಕೆಯನ್ನು ಮಡಿಸಿಡುತ್ತಾನೆ. ಎರಡನೆಯದು ಹೆಚ್ಚು ನಷ್ಟ. ತೋಟದ ನೆರಳು ಮರ ಕಡಿಯಬೇಕೋ ಉಳಿಸಬೇಕೋ ಎಂದು ಯೋಚಿಸುತ್ತಿರುವವನಿಗೆ ಸರಿಯಾದ ಸಂಖ್ಯೆ ಸಿಗಬೇಕು.

ಇನ್ನೊಂದು ತಪ್ಪು ಇದಕ್ಕೆ ಹತ್ತಿರದ್ದು. ಬೆಳಿಗ್ಗೆ 18 ಡಿಗ್ರಿ ಇದ್ದದ್ದು ಮಧ್ಯಾಹ್ನ 36 ಆಯಿತು, ಬಿಸಿ ಎರಡರಷ್ಟಾಯಿತು ಎಂಬ ಶೀರ್ಷಿಕೆಗಳು ಬರುತ್ತವೆ. ಅದೇ ದಿನವನ್ನು ಫ್ಯಾರನ್‌ಹೀಟ್‌ನಲ್ಲಿ ಬರೆದರೆ 64.4 ಇದ್ದದ್ದು 96.8 ಆಯಿತು, ಎರಡರಷ್ಟು ಎಲ್ಲಿ ಹೋಯಿತು? ಇಷ್ಟು ಪಟ್ಟು ಎಂದು ಹೇಳುವ ಹಕ್ಕು ನಿಜವಾದ ಸೊನ್ನೆಯಿಂದ ಎಣಿಸುವ ಕೆಲ್ವಿನ್‌ನಂಥ ಅಳತೆಗೆ ಮಾತ್ರ ಇದೆ. ಆ ಸೊನ್ನೆ ಇರುವುದು ಸೆಲ್ಸಿಯಸ್‌ನ ಸೊನ್ನೆಗಿಂತ 273.15 ಡಿಗ್ರಿ ಕೆಳಗೆ. ಅಲ್ಲಿಂದ ಎಣಿಸಿದರೆ 18ರಿಂದ 36ಕ್ಕೆ ಏರುವುದು ಸುಮಾರು ಶೇ 6ರಷ್ಟು ಹೆಚ್ಚಳ, ಅಷ್ಟೇ. ಆದ್ದರಿಂದ ಉಷ್ಣಾಂಶಕ್ಕೆ ಶೇಕಡಾವಾರು ಲೆಕ್ಕ ಬೇಡವೇ ಬೇಡ.

ಬಾಯಿಲೆಕ್ಕಕ್ಕೆ ನಾನು ಆಶಾ ಕಾರ್ಯಕರ್ತೆಯರಿಗೆ ಕಲಿಸುತ್ತಿದ್ದ ಉಪಾಯವನ್ನು ಇಲ್ಲಿ ಬರೆಯುತ್ತೇನೆ, ವರದಿಗಾರರಿಗೂ ಉಪಯೋಗಕ್ಕೆ ಬಂದೀತು. ಸೆಲ್ಸಿಯಸ್ ಸಂಖ್ಯೆಯನ್ನು ದ್ವಿಗುಣ ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಪಾಲು ಕಳೆಯಿರಿ, 32 ಕೂಡಿಸಿ. 38ರ ಎರಡರಷ್ಟು 76. ಅದರ ಹತ್ತನೇ ಪಾಲು 7.6 ಕಳೆದರೆ 68.4, 32 ಸೇರಿದರೆ 100.4. ಇದು ಅಂದಾಜಲ್ಲ, ಕರಾರುವಾಕ್ಕಾದ ಲೆಕ್ಕ. ಏರಿಕೆ ಇಳಿಕೆಯಾದರೆ ಕೊನೆಯ ಹೆಜ್ಜೆಯನ್ನು ಬಿಟ್ಟುಬಿಡಿ. ಎರಡೂ ಕಡೆಗೆ ನಡೆಯುವ ಇನ್ನೊಂದು ದಾರಿ ಇದೆ: ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎರಡು ಅಳತೆಗಳೂ ಒಂದೇ ಸಂಖ್ಯೆ ತೋರಿಸುತ್ತವೆ, ಹಾಗಾಗಿ ಮೊದಲು 40 ಕೂಡಿಸಿ, ಫ್ಯಾರನ್‌ಹೀಟ್ ಬೇಕಾದರೆ 1.8ರಿಂದ ಗುಣಿಸಿ, ಸೆಲ್ಸಿಯಸ್ ಬೇಕಾದರೆ ಭಾಗಿಸಿ, ಕೊನೆಗೆ 40 ಕಳೆಯಿರಿ. 104ಕ್ಕೆ 40 ಸೇರಿದರೆ 144, ಭಾಗಿಸಿದರೆ 80, ಕಳೆದರೆ 40. ಮಕ್ಕಳಿಗೆ ಇನ್ನೂ ಇಷ್ಟವಾಗುವುದು ಅಂಕೆಗಳನ್ನು ತಿರುಗಿಸುವ ಆಟ. 16 ಸೆಲ್ಸಿಯಸ್ ಹೆಚ್ಚುಕಡಿಮೆ 61 ಫ್ಯಾರನ್‌ಹೀಟ್, 28 ಹೆಚ್ಚುಕಡಿಮೆ 82. ಇವೆರಡು ನೆನಪಿದ್ದರೆ ನಮ್ಮೂರಿನ ಚಳಿಗಾಲದ ಬೆಳಗು ಮತ್ತು ಬೇಸಿಗೆಯ ಮಧ್ಯಾಹ್ನ ಎರಡನ್ನೂ ಸುಮಾರಾಗಿ ಅಂದಾಜು ಮಾಡಬಹುದು.

ನನ್ನ ಕೋರಿಕೆಗಳು ದೊಡ್ಡವಲ್ಲ. ಹವಾಮಾನದ ಸುದ್ದಿಯಲ್ಲಿ ಸೆಲ್ಸಿಯಸ್ ಒಂದೇ ಸಾಕು, ಆವರಣದೊಳಗಿನ ಫ್ಯಾರನ್‌ಹೀಟ್ ಕೈಬಿಡಿ. ಕೊಡಲೇಬೇಕಾದರೆ ಏರಿಕೆ ಇಳಿಕೆಗಳಿಗೆ 32 ಕೂಡಿಸಬೇಡಿ. ಜ್ವರದ ಸುದ್ದಿಯಲ್ಲಿ, ಆರೋಗ್ಯ ಅಂಕಣದಲ್ಲಿ ಮಾತ್ರ ಎರಡನ್ನೂ ಕೊಡಿ, ಯಾವುದು ಯಾವ ಅಳತೆ ಎಂದು ಪ್ರತಿ ಸಲವೂ ಹೆಸರಿಸಿ. ಮಳೆಗಾಲದ ಜ್ವರಗಳು ಶುರುವಾಗುವ ಮೊದಲು ಜಿಲ್ಲಾ ಪುಟದಲ್ಲಿ ಒಂದು ಚಿಕ್ಕ ಪಟ್ಟಿ ಅಚ್ಚು ಹಾಕಿ: 37 ಸೆಲ್ಸಿಯಸ್ 98.6 ಫ್ಯಾರನ್‌ಹೀಟ್, 38 ಎಂದರೆ 100.4, 38.5 ಎಂದರೆ 101.3, 39 ಎಂದರೆ 102.2, 40 ಎಂದರೆ 104. ಅಕ್ಷರ ದಪ್ಪಗಿರಲಿ. ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವಂತಿರಲಿ. ತೋಟದ ಲೈನ್ ಮನೆಗಳಿಗೆ ಅದನ್ನು ಹಂಚುವ ಕೆಲಸವನ್ನು ನಾನು ಮತ್ತು ನನ್ನ ಹಳೆಯ ಸಹೋದ್ಯೋಗಿಗಳು ವಹಿಸಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಕಿ
ಚಿಕ್ಕಮಗಳೂರು